ನೀಲವ್ವ ಮೇತ್ರಿ ಕಾರು ಅಡ್ಡ ನಿಲ್ಲಿಸಿದ ದಿನ

ವಿಜಯಪುರ, ೨೧೩೮ನೇ ಇಸವಿ, ಚೈತ್ರದ ಮೂವತ್ನಾಲ್ಕನೇ ದಿನ

ನೂರು ವರ್ಷ ಹಿಂದೆ ಸೈಕಲ್ ತುಳಿಯುತ್ತಿರುವ ಅಕ್ಕತಂಗಿಯರಿಗೆ ಜೈತುನ್ ಇಂಡಿಕರಳ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಹಿಗ್ಗಿದಂತೆ ನಾವು ಚೈತ್ರವನ್ನೂ ಹಿಗ್ಗಿಸಿಕೊಂಡಿದ್ದೇವೆ. ನನ್ನ ಕೆಲವು ಮಾತು ನಿಮ್ಮ ಕಿವಿಗೆ ಒರಟಾಗಿ ಕೇಳಿಸಿದರೆ ಕ್ಷಮೆಯಿರಲಿ.

ನಮ್ಮಲ್ಲಿ ರೇಸು ಬೆಳಕು ಹರಿಯುವ ಮುನ್ನ ಶುರುವಾಗಿ ಬಿಸಿಲೇರುವುದರೊಳಗೆ ಮುಗಿಯುತ್ತದೆ. ಜನ ಬುತ್ತಿ ಕಟ್ಟಿಕೊಂಡು ನೆರಳುದಾರಿಗೆ ಬಂದು ಕೂರುತ್ತಾರೆ. ಇಕ್ಕೆಲದಲ್ಲಿ ಬೇವು, ಮೇಲೆ ಬಿಸಿಲಿನಿಂದ ಕರೆಂಟು ಮಾಡುವ ಹಲಗೆಗಳ ಚಪ್ಪರ ಇರುವ ರಸ್ತೆಗೆ ನಾವು ಹಾಗೆನ್ನುತ್ತೇವೆ. ಸವಾರರ ತೋಳಿಗೆ ಮೈಮಾಪಿ ಎಂಬ ತೆಳು ಪಟ್ಟಿ ಅಂಟಿಸಿರುತ್ತಾರೆ. ಒಡಲ ಕಾವು ಮಿತಿ ಮೀರಿದರೆ ಅದು ಕೆಂಪಾಗುತ್ತದೆ, ಆಗ ಇಳಿಯಲೇಬೇಕು. ಈ ನಿಯಮ ಹೇಗೆ ಬಂತೆಂದು ಹೇಳಲಿಕ್ಕೇ ಬರೆಯುತ್ತಿದ್ದೇನೆ.

ನೀಲವ್ವ ಮೇತ್ರಿ ಹದಿನಾರು ವರ್ಷ ರೇಸಿನಲ್ಲಿದ್ದಳು, ಒಂದನ್ನೂ ಗೆಲ್ಲಲಿಲ್ಲ. ತಂಡದಲ್ಲಿ ಗೆಲ್ಲಬೇಕಾದ ಮುಂದಾಳಿನ ಮುಂದೆ ಸಾಗಿ ಗಾಳಿಯನ್ನು ತನ್ನ ಎದೆಗೆ ತೆಗೆದುಕೊಳ್ಳುವುದು, ನೀರು ತಂದುಕೊಡುವುದು ಆಕೆಯ ಕೆಲಸ. ಮೊಣಕಾಲು ಸೋತ ಮೇಲೆ ಅದೇ ತಂಡಕ್ಕೆ ಮ್ಯಾನೇಜರ್ ಆದಳು. ಆಗ ಮುಂದಾಳು ನಾನು.

ಬಾದಾಮಿ ರೇಸಿನ ಕಡೆಯ ದಿನ ದಾರಿಗೆ ಬಂಡೆ ಉರುಳಿ, ಹೊರಡುವುದು ತಡವಾಯಿತು. ಬಿಸಿಲು ನೆತ್ತಿಗೇರಿತ್ತು. ನಾನು ಎಲ್ಲರಿಗಿಂತ ಬಹಳ ಮುಂದಿದ್ದೆ. ಕಡೆಯ ದಿಬ್ಬದ ಬುಡದಲ್ಲಿ ಮೈಮಾಪಿ ಕೆಂಪಾಯಿತು. ಆಗಿನ್ನೂ ಅದು ಬರೀ ಸೂಚನೆ, ಯಾರೂ ಇಳಿಯುತ್ತಿರಲಿಲ್ಲ. ನಿಲ್ಲಿಸಕೂಡದೆಂದು ತಂಡ ನಡೆಸುವ ಕಂಪನಿಯವರು ರೇಡಿಯೋದಲ್ಲಿ ಹೇಳಿದರು. ನೀಲವ್ವಕ್ಕ ಹಿಂದೆ ಬರುತ್ತಿದ್ದ ತಂಡದ ಕಾರನ್ನು ನನ್ನ ಪಕ್ಕಕ್ಕೆ ತಂದಳು.

"ಇಳಿ, ಜೈತುನ್."

"ಇನ್ನೊಂದ ದಿಬ್ಬ ಐತಿ ಅಕ್ಕಾ. ಇವತ್ತ ಬಿಟ್ರ ಮತ್ತ ಸಿಗೂದಿಲ್ಲ."

"ಸಿಗತೈತಿ. ನೀ ಇದ್ರ ಸಿಗತೈತಿ."

ನಾನು ನಿಲ್ಲಲಿಲ್ಲ. ಆಕೆ ಮುಂದೆ ಹೋಗಿ ಕಾರು ಅಡ್ಡ ನಿಲ್ಲಿಸಿ, ಕುಂಟುತ್ತಲೇ ಓಡಿ ಬಂದು ಹ್ಯಾಂಡಲ್ ಹಿಡಿದಳು. ಬೈಯಲು ಬಾಯಿ ತೆರೆದೆ. ಆಕೆಯ ಹೆಗಲ ಮೇಲೆ ಬಿದ್ದದ್ದಷ್ಟೇ ನೆನಪು.

ಎಚ್ಚರವಾದಾಗ ಐಸ್ ತುಂಬಿದ ತೊಟ್ಟಿಯಲ್ಲಿದ್ದೆ. ದಿಬ್ಬ ಹತ್ತಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಆ ಸಂಜೆಯೇ ಕಂಪನಿ ನೀಲವ್ವಕ್ಕನನ್ನು ಕೆಲಸದಿಂದ ತೆಗೆಯಿತು. ನಾನು ಚೇತರಿಸಿಕೊಂಡ ಮೇಲೆ ನಾವು ಸವಾರರೆಲ್ಲ ಕಂಪನಿಯ ಜೆರ್ಸಿ ಮಡಚಿಟ್ಟು ಆಕೆಯ ಮನೆಗೆ ಹೋದೆವು. ಆಕೆ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. "ಎಷ್ಟ ಮಂದಿ ಅದೀರಿ?" ಎಂದು ಕೇಳಿ ಇನ್ನಷ್ಟು ಹಿಟ್ಟು ಸುರಿದಳು. ನಮ್ಮ ಸ್ವಂತ ತಂಡ ಹುಟ್ಟಿದ್ದು ಹಾಗೆ.

ಮರುವರ್ಷ ಎಲ್ಲ ತಂಡಗಳ ಸವಾರರೂ, ಕೆಂಪಾದರೆ ಇಳಿಸುವ ನಿಯಮ ಬರುವ ತನಕ ಹೊರಡುವುದಿಲ್ಲವೆಂದು ರೇಸಿನ ಗೆರೆಯ ಮೇಲೆ ಕೂತುಬಿಟ್ಟರು. ನಿಯಮ ಬಂತು. ಬಾದಾಮಿಯನ್ನು ನಾನು ಮುಂದೆ ಎರಡು ಸಲ ಗೆದ್ದೆ.

ನೀಲವ್ವಕ್ಕನಿಗೆ ಈಗ ಎಂಬತ್ತರ ಹತ್ತಿರ. ಹುಟ್ಟಿನಿಂದ ಸೈಕಲ್ ಮುಟ್ಟದ ಅಜ್ಜಿಯರಿಗೆ ಬೆಳಗ್ಗೆ ಬಯಲಿನಲ್ಲಿ ಕಲಿಸುತ್ತಾಳೆ. ನಿನ್ನೆ ಒಬ್ಬಾಕೆ ಬಿದ್ದು, ಸೀರೆ ಕೊಡವಿಕೊಂಡು, ಮತ್ತೆ ಹತ್ತಿದಳು.

ನನ್ನ ಕೋರಿಕೆ ಇಷ್ಟೇ. ನಿಮ್ಮ ಓಣಿಯಲ್ಲೂ ಸೈಕಲ್ ಮುಟ್ಟದ ಅಜ್ಜಿಯೊಬ್ಬಳು ಇರುತ್ತಾಳೆ. ಕರೆಯಿರಿ. ಸೀಟು ಹಿಡಿದು ಹಿಂದೆ ಓಡಿ. ಕೈ ಬಿಡಲು ಅವಸರ ಮಾಡಬೇಡಿ.