ಕುದಿಯುವ ನೀರಿನ ಚಹಾ

ಕಾವಾನೆ,
ಮೇ ೧೨

ಪ್ರೀತಿಯ ತೋಮೋಕಿ,

ಹೇಗಿದ್ದೀಯಪ್ಪ? ಸೊಂಟನೋವು ಇಳಿಯಿತೇ? ಆ ಟ್ಯೂನಾ ಮೀನಿನ ಹಡಗಿನಲ್ಲಿ ಹೊಟ್ಟೆ ತುಂಬ ಅನ್ನ ಹಾಕುತ್ತಾರೆ ತಾನೇ? ಇಲ್ಲಿ ನಾವು ಇದ್ದ ಹಾಗೆ ಇದ್ದೇವೆ. ಚಹಾದ ಮೊದಲ ಚಿಗುರಿನ ಕೊಯ್ಲು ಮುಗಿಯಿತು. ಅಜ್ಜಿ ಈ ವರ್ಷವೂ ಕೊಯ್ಯುವವರನ್ನೆಲ್ಲ ಬೈದು, ಕೊನೆಗೆ ಅವರಿಗೇ ಅಕ್ಕಿಯ ಮೋಚಿ ಉಂಡೆ ಮಾಡಿ ಹಂಚಿದಳು.

ಅಪ್ಪನ ವಿಷಯ ಕೇಳಿದ್ದೀಯ. ಗುಡ್ಡದಿಂದ ಎಲೆ ಇಳಿಸುವ ಕಂಬಿಗಾಡಿಯಿಂದ ಬಿದ್ದು ತಲೆಗೆ ಪೆಟ್ಟಾದಾಗ ಆಸ್ಪತ್ರೆಯವರು ಹೇಳಿದ್ದಕ್ಕಿಂತ ಈಗ ವಾಸಿ. ಕೋಲು ಹಿಡಿದು ಅಂಗಳ ದಾಟುತ್ತಾರೆ. ಆದರೆ ಯಾರ ಹೆಸರೂ ಬಾಯಿಗೆ ಬರುವುದಿಲ್ಲ, ನನ್ನದೂ ಸೇರಿ. ಏನು ಕೊಟ್ಟರೂ ತಿಂದು "ಚೆನ್ನಾಗಿದೆ" ಎನ್ನುತ್ತಾರೆ. ಪಕ್ಕದ ಮನೆಯ ಹಾತ್ಸುಯೆ, "ಎಷ್ಟು ಸಾಧು ಆಗ್ಬಿಟ್ರು ನಿಮ್ಮೋರು, ಪುಣ್ಯ ಮಾಡಿದ್ರಿ ಬಿಡಿ" ಎಂದಳು. ನೀನು ಹಡಗು ಹತ್ತುವ ದಿನ ಮಾಡಿದ ಚಹಾವನ್ನು, ಕುದಿಯುವ ನೀರು ಸುರಿದು ಎಲೆ ಕೊಂದಿದ್ದಾನೆ ಎಂದು ಅಂಗಳದ ಹೈಡ್ರೇಂಜಾ ಹೂಗಿಡದ ಬುಡಕ್ಕೆ ಚೆಲ್ಲಿದ ಮನುಷ್ಯ ಅವರು. ತಪ್ಪು ಹಿಡಿಯದ ನಿನ್ನಪ್ಪನನ್ನು ಕಂಡರೆ ನನಗೆ ಭಯವಾಗುತ್ತದೆ.

ಪೆಟ್ಟು ಬಿದ್ದ ಮಿದುಳಿಗೆ ಹಸಿರು ಚಹಾದ ಆಂಟಿಆಕ್ಸಿಡೆಂಟುಗಳಿಂದ ಅನುಕೂಲವಾಗಬಹುದೆಂದು ಇಲಿಗಳ ಮೇಲೆ ಪರೀಕ್ಷೆ ಮಾಡಿದ್ದಾರಂತೆ. ಮನುಷ್ಯರ ಮಾತು ಇನ್ನೂ ಗೊತ್ತಿಲ್ಲ ಎಂದು ಡಾಕ್ಟರ್ ಕುಸುನೋಕಿ ಆಗಲೇ ಎಚ್ಚರಿಸಿದ್ದರು. ಅಜ್ಜಿ ಬಿಡಬೇಕಲ್ಲ. "ಇಲಿಗೆ ಆಗೋದು ನನ್ ಮಗನಿಗ್ಯಾಕಾಗಲ್ಲ? ಅವನೇನು ಇಲಿಗಿಂತ ಕಡೆನಾ?" ಎಂದು, ನಾವು ಜನ್ಮದಲ್ಲಿ ಕುಡಿಯದ, ನೆರಳು ಹೊದಿಸಿ ಬೆಳೆದ ಮಾರಾಟದ ಚಹಾದ ಡಬ್ಬ ಒಡೆದಳು. ಚಳಿಗಾಲವೆಲ್ಲ ಕುದಿಸಿ ಆರಿಸಿದ ನೀರಿನಲ್ಲಿ ಅದನ್ನೇ ಮಾಡಿ ಕುಡಿಸಿದಳು. ನಿನ್ನೆ ಇದನ್ನು ಕೇಳಿ ಡಾಕ್ಟರ್ ನಕ್ಕೇಬಿಟ್ಟರು. ನೆರಳಿನ ಎಲೆಯಲ್ಲಿ ಒಗರು ಕಡಿಮೆಯಂತೆ, ಆ ಗುಣವಿರುವುದೇ ಒಗರಿನಲ್ಲಂತೆ. ಬಿಸಿಲುಂಡ ಒರಟು ಎಲೆಗೆ ಬಿಸಿನೀರು ಹಾಕಿದರೆ ಅದು ಚೆನ್ನಾಗಿ ಇಳಿಯುತ್ತದಂತೆ. "ಅಂದ್ರೆ ನಾವು ಕುಡಿಯೋ ಕಸಾನೇ ಔಷಧಿ ಅನ್ನು" ಎಂದು ಅಜ್ಜಿ ದಾರಿಯುದ್ದಕ್ಕೂ ಗೊಣಗಿದಳು. ಡಬ್ಬ ಖಾಲಿಯಾದ ಸಂಕಟ ಅವಳಿಗೆ.

ಬೇಸಿಗೆ ಕಳೆದ ಮೇಲೆ ಊರಿಗೆ ಬರಲೋ, ಹಡಗಿನಲ್ಲೇ ಇನ್ನೆರಡು ವರ್ಷಕ್ಕೆ ಒಪ್ಪಿಕೊಳ್ಳಲೋ ಎಂದಿದ್ದೀಯ. "ನನ್ನ ಗುರುತೇ ಇಲ್ಲದವರ ಹತ್ತಿರ ಬಂದು ಏನು ಮಾಡಲಿ" ಎಂದು ಬರೆದದ್ದನ್ನು ಓದಿದೆ. ನನಗೆ ಕೋಪವಿಲ್ಲ. ತೋಟವನ್ನು ನಾನು ಹೇಗೋ ನೋಡಿಕೊಳ್ಳುತ್ತೇನೆ. ಬಾ ಎನ್ನಲು ನನ್ನ ಹತ್ತಿರ ಕಾರಣವಿಲ್ಲ, ಬೇಡ ಎನ್ನಲು ಮನಸ್ಸಿಲ್ಲ.

ಕಡಲಮ್ಮ ನಿನ್ನನ್ನು ತಣ್ಣಗಿಟ್ಟಿರಲಿ. ಉಣ್ಣೆಯ ಸೊಂಟಪಟ್ಟಿ ಬಿಚ್ಚಬೇಡ.

ನಿನ್ನ ಅಮ್ಮ,
ಕಿನುಯೊ

ತಾ.ಕ.: ಮರೆತ ಮಾತಲ್ಲ, ಈಗ ನಡೆದದ್ದು. ಅಜ್ಜಿ ಒರಟು ಎಲೆಗೆ ಕೆಟಲಿನಿಂದಲೇ ಕುದಿಯುವ ನೀರು ಸುರಿದು ಅಪ್ಪನಿಗೆ ಕೊಟ್ಟಳು. ಒಂದು ಗುಟುಕು ಕುಡಿದು ಮುಖ ಕಿವುಚಿದರು. ಎದ್ದುಹೋಗಿ ಉಳಿದದ್ದನ್ನು ಹೈಡ್ರೇಂಜಾ ಬುಡಕ್ಕೆ ಚೆಲ್ಲಿದರು. "ತೋಮೋಕಿ ಮಾಡಿದ್ನಾ ಇದನ್ನ? ಕರೀರಿ ಅವನ್ನ" ಎಂದರು. ಅಜ್ಜಿ ಖಾಲಿ ಬಟ್ಟಲು ಹಿಡಿದುಕೊಂಡು ಅಳುತ್ತಿದ್ದಾಳೆ. ಚಹಾದ ಗುಣವೋ ದೇವರ ಗುಣವೋ ನನಗೆ ತಿಳಿಯದು. ಅವರು ಕರೆಯಲು ಹೇಳಿದರು, ಕರೆಯುತ್ತಿದ್ದೇನೆ.