ನಾರುವ ಬಾಟಲಿ

೧೨ ಜನವರಿ ೧೯೯೮, ಸಿರ್ಸಿ
ಟ್ಯೂಷನ್ ಹುಡುಗಿಯರು ಹೋದರು. ಆಯಿ ಪೋಸ್ಟ್ ತಂದಿಟ್ಟಳು — ಜರ್ನಲ್. ಒಳಗೆ ನನ್ನ ಪೆಪ್ಟೈಡ್! ಆರೇ ಅಮೈನೋ ಆಮ್ಲಗಳ ಸರಪಳಿ. ಇಲಿಗೆ ಚುಚ್ಚಿದರೆ ಬೆಳವಣಿಗೆಯ ಹಾರ್ಮೋನು ಧಾರಾಳವಾಗಿ ಸುರಿಯುತ್ತದೆ. ಮೂರು ವರ್ಷ ಲ್ಯಾಬಿನಲ್ಲಿ ಅದನ್ನು ಕಟ್ಟಿದವಳು ನಾನು. ಅಚ್ಚಾದ ಹೆಸರು ಯಾರದ್ದು? ಗೈಡ್ ಅಂದಾನಪ್ಪ ಸರ್, ಮತ್ತೆ ಅವರ ಅಕ್ಕನ ಮಗ ದರ್ಶನ. ಥೀಸಿಸ್ ಕೊಟ್ಟು ಡಿಗ್ರಿಗೆ ಕಾಯುತ್ತಿರುವ ಈ ಮಧುರಾ ಎಲ್ಲೂ ಇಲ್ಲ. ಹಾಳಾಗಿ ಹೋಗಲಿ ಇಬ್ಬರೂ.

೩ ಮಾರ್ಚ್
ದರ್ಶನ ಬಂದಿದ್ದ! ಹುಬ್ಬಳ್ಳಿ ಬಸ್ಸಿಳಿದು ನೇರ ಮನೆಗೆ. ನಾಚಿಕೆಗೆಟ್ಟವನು.
“ಅಕ್ಕಾರ, ಪುಡಿ ಬರ್ತೈತ್ರಿ, ಆದ್ರ ಇಲಿಗೆ ಕೊಟ್ರ ಏನೂ ಆಗವಲ್ದು. ಇದನ್ನ ಕೊಳ್ಳೋ ಔಷಧ ಕಂಪನಿಯವ್ರ ಮುಂದ ಮಾಡಿ ತೋರಸ್ಬೇಕ್ರಿ...”
“ಕೊನೆಗೆ ಆಸಿಡ್ ಜೊತೆ ಥಯಾಲ್ ಹಾಕ್ತೀಯಾ?”
“ಆ ನಾರೋ ಬಾಟ್ಲಿ ಏನ್ರಿ? ಥೂ! ಒಗದಬಿಟ್ಟೆ.”
ಅದಿಲ್ಲದಿದ್ದರೆ ಆಸಿಡ್ಡಿಗೆ ಸರಪಳಿ ಕೆಡುತ್ತದೆ. ಅದರ ನಾತಕ್ಕೆ ಮೆಸ್ಸಿನಲ್ಲಿ ಯಾರೂ ನನ್ನ ಪಕ್ಕ ಕೂರುತ್ತಿರಲಿಲ್ಲ. ಮೂಗು ಮುಚ್ಚಿಕೊಂಡು ನಗುತ್ತಿದ್ದವನು ಇವನೇ.
“ಒಗೆದಿದ್ದು ಒಳ್ಳೇದೇ ಆಯ್ತು. ಅದೆಲ್ಲ ಬೇಡ,” ಅಂದೆ.
ಆಯಿ ಒಳಗಿನಿಂದ, “ಉಂಡ್ಕಂಡೇ ಹೋಗು ತಮಾ.” ನಾನೇ ಬಡಿಸಿದೆ. ಎರಡೆರಡು ಸಲ. ಅವನು ಉಂಡ, ನನ್ನ ಹೊಟ್ಟೆ ತಣ್ಣಗಾಯಿತು.

೨೦ ಮಾರ್ಚ್
ಲ್ಯಾಬಿನಿಂದ ಗೆಳತಿ ಸೌಮ್ಯಳ ಫೋನ್. ಕಂಪನಿಯವರ ಮುಂದೆ ಮಾಮ, ಅಳಿಯ ಇಬ್ಬರ ಮಾನವೂ ಹೋಯಿತಂತೆ. ಇಲಿಗೆ ಏನೂ ಆಗಲಿಲ್ಲ. ಆಹಾ! ಪಾಯಸ ಮಾಡಿದೆ.
“ಇವತ್ತೆಂತ ಹಬ್ಬವೇ ಕೂಸೇ?”
ಹಬ್ಬವೇ ಆಯಿ, ಬಾಯಿ ಸಿಹಿ ಮಾಡ್ಕೋ.

೯ ಎಪ್ರಿಲ್
ಮತ್ತೆ ಸೌಮ್ಯ. ದನಿ ಸಣ್ಣಗಿತ್ತು. ಪೆಪ್ಟೈಡ್ ಮೊದಲಿಂದಲೂ ಕೆಲಸ ಮಾಡಿಲ್ಲ, ಮಧುರಾ ಸುಳ್ಳು ಅಂಕಿ ಬರೆದಿದ್ದಳು — ಸರ್ ಯೂನಿವರ್ಸಿಟಿಯ ವಿಚಾರಣಾ ಕಮಿಟಿಗೆ ಹಾಗೆ ಹೇಳಿದ್ದಾರೆ. ಈಗ ನೆನಪಾಯಿತು ನನ್ನ ಹೆಸರು! ಥೀಸಿಸ್ ತಿರಸ್ಕಾರ ಮಾಡಿಸುತ್ತಾರಂತೆ.

ಸಂಜೆ
ಸರ್‌ಗೆ ಫೋನ್ ಮಾಡಿ ಕಿರುಚಾಡಿದೆ. ಥಯಾಲ್ ಹಾಕಿ ಇನ್ನೊಮ್ಮೆ ಮಾಡಿಸಿ, ಯಾರು ಸುಳ್ಳು ಅಂತ ಇಲಿಯೇ ಹೇಳುತ್ತದೆ!
ಸರ್ ಮೆತ್ತಗೆ ಕೇಳಿದರು —
“ನಮ್ಮ ಹುಡುಗ ನಿಮ್ಮನಿಗೇ ಬಂದು ಕೇಳಿದ್ನಲ್ಲವಾ. ಅವತ್ತ ನೀನ ಅದು ಬ್ಯಾಡ ಅಂದಿಯಂತ. ಯಾಕ ಅಂದಿ? ಕಮಿಟಿ ಮುಂದ ಅದನ್ನೂ ಹೇಳ್ತಿ ಏನು?”
ಹೇಳುತ್ತೇನೆ ಅಂದೆ. ಫೋನ್ ಇಟ್ಟೆ.
ಏನಂತ ಹೇಳುವುದು? ಬೇಕೆಂದೇ ನಾನು ಸುಳ್ಳು ಹೇಳಿದೆ ಅಂತ —