ದೊಡ್ಡಮ್ಮನ ಎಡಗಾಲಿನ ಚಪ್ಪಲಿ, ಟೈಲರ್ ಮಾವನ ಏಣಿ

ಮಾನ್ಯ ಠಾಣಾಧಿಕಾರಿಗಳೇ,

ನಮ್ಮ ದೊಡ್ಡಮ್ಮ ಕಳ್ಳಿಯಲ್ಲ. ಈ ಮಾತನ್ನು ತಮ್ಮ ಮೇಜಿನೆದುರು ನಿಂತೇ ಹೇಳಬೇಕೆಂದು ಒಮ್ಮೆ ಠಾಣೆಯವರೆಗೆ ಬಂದಿದ್ದೆ. ತಾವು ತಲೆಯೆತ್ತಿ "ಏನು?" ಎಂದಿರಿ. ನಾನು "ಗಂಟೆ ಎಷ್ಟಾಯ್ತು ಸಾರ್?" ಎಂದು ಕೇಳಿ, ತಾವು ಹೇಳಿದ್ದನ್ನೂ ಕೇಳಿಸಿಕೊಳ್ಳದೆ ಮನೆಗೆ ಓಡಿದೆ. ಸಾಹಿತ್ಯ ಓದಿದವರ ಪಾಡೇ ಇಷ್ಟು. ಎದುರು ನಿಂತರೆ ನಾಲಿಗೆ ಏಳುವುದಿಲ್ಲ, ಕಾಗದ ಸಿಕ್ಕರೆ ಕೈ ನಿಲ್ಲುವುದಿಲ್ಲ. ದಾರಿಯಲ್ಲಿ ಯಾರಾದರೂ ಎದುರಾದರೆ ಮೋಡವಿಲ್ಲದ ದಿನವೂ ಛತ್ರಿ ಬಿಚ್ಚಿ ಮುಖ ಮರೆಮಾಡಿಕೊಳ್ಳುವವಳು ನಾನು. ಹಾಗಾಗಿ ಪತ್ರಿಕೆಯಲ್ಲಿ, ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದೇನೆ: ಠಾಣೆಯ ಹೊರಗಿನ ಫಲಕದಲ್ಲಿ 'ಇವರ ಬಗ್ಗೆ ಎಚ್ಚರವಿರಲಿ' ಎಂಬ ಶೀರ್ಷಿಕೆಯ ಕೆಳಗೆ ತಾವು ಅಂಟಿಸಿರುವ ಏಕೈಕ ಭಾವಚಿತ್ರವನ್ನು ತೆಗೆಯಬೇಕು. ಅದು ನನ್ನ ದೊಡ್ಡಮ್ಮನದು. ಅಪರಾಧಿಯ ಭಾವಚಿತ್ರಕ್ಕೆ ಯಾರದೋ ಮದುವೆಯ ಫೋಟೋದಿಂದ ನಗುಮುಖವನ್ನು ಕತ್ತರಿಸಿ ತಂದದ್ದು ತಮ್ಮ ತನಿಖಾ ಸಾಮರ್ಥ್ಯಕ್ಕೆ ಸಾಕ್ಷಿ ಎಂಬುದನ್ನು ಒಪ್ಪುತ್ತೇನೆ.

ತಾವು ವರ್ಗವಾಗಿ ಬಂದ ಹೊಸತರಲ್ಲಿ ಸಮುದಾಯ ಭವನದಲ್ಲಿ ಸುರಕ್ಷತಾ ಸಭೆ ಕರೆದಿರಿ. "ಇಲ್ಲಿ ಅಪರಾಧ ಇಲ್ಲ ಅಂದ್ರೆ ಏನರ್ಥ? ಕಾಣಿಸ್ತಾ ಇಲ್ಲ ಅಂತ ಅರ್ಥ!" ಎಂದು ಮೇಜು ಗುದ್ದಿದಿರಿ. ಎಂಥ ಆಳವಾದ ಮಾತು! ಆ ಲೆಕ್ಕದಲ್ಲಿ ನಮ್ಮೂರಲ್ಲಿ ಕಾಣಿಸದೆ ಇರುವ ಹಡಗುಗಳೂ ಜ್ವಾಲಾಮುಖಿಗಳೂ ಬೇಕಾದಷ್ಟಿವೆ. ಅಪರಿಚಿತರು ಕಂಡರೆ ಕೂಡಲೇ ಫೋನು ಮಾಡಿ ಎಂದೂ ಅಪ್ಪಣೆಯಾಯಿತು. ನಾವು ವಿಧೇಯರು. ಆದರೆ ಇಡೀ ಊರಿಗೆ ಇದ್ದ ಅಪರಿಚಿತರು ತಾವೊಬ್ಬರೇ. ಆ ವಾರ ಸಹಾಯವಾಣಿಗೆ ಬಂದ ಕರೆಗಳೆಲ್ಲ, ಮರದಡಿ ಜೀಪು ನಿಲ್ಲಿಸಿಕೊಂಡು ಬಾಯಿ ತೆರೆದು ನಿದ್ದೆ ಮಾಡುವ ಒಬ್ಬ ಸಂಶಯಾಸ್ಪದ ವ್ಯಕ್ತಿಯ ಬಗ್ಗೆಯೇ ಇದ್ದವಂತೆ. ಅದರಿಂದ ತಾವು ನೊಂದುಕೊಂಡಿರಂತೆ. ಹೇಳಿದ ಮಾತು ಕೇಳುವ ಪ್ರಜೆಗಳನ್ನು ಕಂಡು ನೊಂದುಕೊಂಡ ಮೊದಲ ಅಧಿಕಾರಿ ತಾವೇ ಇರಬೇಕು.

ಸಭೆಯಲ್ಲಿ ತಾವೊಬ್ಬರೇ ಮಾತಾಡಿದ್ದರಿಂದ, ನಮ್ಮ ಊರಿನ ಪದ್ಧತಿಯನ್ನು ತಮಗೆ ಹೇಳಲು ಯಾರಿಗೂ ಸಂದು ಸಿಗಲಿಲ್ಲ. ಈಗ ಹೇಳುತ್ತೇನೆ. ಇಲ್ಲಿ ಹಗಲು ಹೊತ್ತು ಬಾಗಿಲು ಹಾಕುವವರಿಲ್ಲ. ಯಾರಿಗಾದರೂ ಸುತ್ತಿಗೆಯೋ ಹಗ್ಗವೋ ಬೇಕಾದರೆ, ಅದು ಇರುವ ಮನೆಗೆ ಹೋಗುತ್ತಾರೆ. ಮನೆಯವರಿದ್ದರೆ ಕೇಳುತ್ತಾರೆ. ಇಲ್ಲದಿದ್ದರೆ ತೆಗೆದುಕೊಂಡು, ಆ ಜಾಗದಲ್ಲಿ ತಮ್ಮದೊಂದು ವಸ್ತು ಇಟ್ಟು ಬರುತ್ತಾರೆ. ಅದು ಎಂಥ ವಸ್ತುವಾಗಿರಬೇಕೆಂದರೆ, ಅದಿಲ್ಲದೆ ಇಟ್ಟವರಿಗೆ ದಿನ ಸಾಗಬಾರದು. ಆಗ ತಾನೇ ತೆಗೆದುಕೊಂಡದ್ದನ್ನು ಬೇಗ ಹಿಂದಿರುಗಿಸುವುದು? ಬಡಗಿ ತನ್ನ ಅಳತೆಪಟ್ಟಿ ಇಡುತ್ತಾನೆ. ನಿವೃತ್ತ ಮೇಷ್ಟರು ಹಲ್ಲುಸೆಟ್ಟು ಇಟ್ಟು ಹೋಗುತ್ತಾರೆ, ಅದನ್ನು ಯಾರೂ ಬಯಸದಿದ್ದರೂ. ನಮ್ಮ ದೊಡ್ಡಮ್ಮ ಇಡುವುದು ಎಡಗಾಲಿನ ಚಪ್ಪಲಿ. ಆಕೆ ಒಂದೇ ಚಪ್ಪಲಿಯಲ್ಲಿ ಕುಂಟುತ್ತ ಹೋಗುತ್ತಿದ್ದರೆ ಯಾರದೋ ಏನೋ ಆಕೆಯ ಬಳಿ ಇದೆಯೆಂದು ಬೀದಿಗೆಲ್ಲ ಗೊತ್ತು.

ಅಂದು ಟೈಲರ್ ಮಾವನ ಅಂಗಡಿಗೆ ತಾವು ಪ್ಯಾಂಟಿನ ಸೊಂಟ ಸಡಿಲಿಸಲು ಹೋಗಿದ್ದಿರಿ. ಪಕ್ಕದ ಬೆಂಚಿನಲ್ಲಿ ಛತ್ರಿಯ ಹಿಂದೆ ನಾನೂ ಇದ್ದೆ. ಗೋಡೆಗೆ ಒರಗಿರಬೇಕಾದ ಏಣಿ ಇರಲಿಲ್ಲ, ಅದರ ಜಾಗದಲ್ಲಿ ಚಪ್ಪಲಿ ಇತ್ತು. ಮಾವ ಟೇಪು ಸುತ್ತುತ್ತ, "ಏಣಿ ಹೋಗಿದೆ ನೋಡಿ," ಎಂದರು, 'ಮೋಡ ಆಗಿದೆ ನೋಡಿ' ಎನ್ನುವ ಧಾಟಿಯಲ್ಲಿ.

"ಹೋಗಿದೆ ಅಂದ್ರೆ? ನಿಮ್ಮನ್ನ ಕೇಳಿ ತಗೊಂಡ್ರಾ?"

"ಕೇಳೋಕೆ ನಾನು ಇರ್ಲಿಲ್ವಲ್ಲ ಸಾರ್. ಉಸಿರು ಬಿಡಿ, ಹೊಟ್ಟೆ ಒಳಗೆ ಎಳ್ಕೋಬೇಡಿ, ಅಳತೆ ತಪ್ಪುತ್ತೆ."

"ಇದು ಕಳ್ಳತನ!"

"ಚಪ್ಪಲಿ ಇದೆಯಲ್ಲ ಸಾರ್!"

ತಾವು ಆ ಚಪ್ಪಲಿಯನ್ನು ಎರಡು ಬೆರಳಲ್ಲಿ ಎತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದಿರಿ. 'ಆರೋಪಿಯು ಗಡಿಬಿಡಿಯಲ್ಲಿ ಒಂದು ಪಾದರಕ್ಷೆಯನ್ನು ಬಿಟ್ಟು ಪರಾರಿಯಾಗಿರುತ್ತಾಳೆ' ಎಂದು ಆಮೇಲೆ ವರದಿಯಾಯಿತು. ಆಗ ಪರಾರಿಯಾಗಿದ್ದ ಆರೋಪಿ ಎರಡು ಮನೆ ಆಚೆ, ನಮ್ಮ ಸೂರಿನ ತಗಡಿನಿಂದ ಒಣಗಿದೆಲೆ ತೆಗೆಯುತ್ತಿದ್ದಳು.

ಕೆಲಸ ಮುಗಿಸಿ ಏಣಿ ಹಿಂದಿರುಗಿಸಲು ಬರುತ್ತಿದ್ದವಳನ್ನು ತಾವು ನಡುಬೀದಿಯಲ್ಲಿ ಹಿಡಿದಿರಿ. ಕಳ್ಳ ಮಾಲನ್ನು ಮಾಲೀಕನ ಮನೆಯ ಕಡೆಗೇ ಹೊತ್ತೊಯ್ಯುವ ಕಳ್ಳರು ತಮ್ಮ ಸೇವಾವಧಿಯಲ್ಲಿ ಎಷ್ಟು ಮಂದಿ ಸಿಕ್ಕಿದ್ದಾರೋ ತಿಳಿಯದು. ತಾವು ಏಣಿಗೆ ಕೈ ಹಾಕಿ "ಹಿಡಿದೆ!" ಎಂದು ಕೂಗಿದಾಗ ದೊಡ್ಡಮ್ಮನ ಮುಖ ಅರಳಿತು. "ಬದುಕಿದೆ! ಆ ತುದಿ ಹಿಡ್ಕೋ ಮಗಾ, ಭಾರ ಇದೆ," ಎಂದಳು. ತಾವೂ ಹಿಡಿದುಕೊಂಡಿರಿ. ಹೀಗೆ ಆರೋಪಿಯೂ ಅಧಿಕಾರಿಯೂ ಒಂದೊಂದು ತುದಿ ಹೊತ್ತು ಠಾಣೆಯವರೆಗೆ ಮೆರವಣಿಗೆ ಹೋದಿರಿ. ಒಳಗಿಟ್ಟ ಮೇಲೆ ಆಕೆ ಸೆರಗಿನಿಂದ ಬೆವರು ಒರೆಸಿಕೊಂಡು, "ಏಣಿ ಬೇಕಿದ್ರೆ ಮೊದಲೇ ಹೇಳ್ಬಾರ್ದಾ? ಟೈಲರ್ ಹತ್ರ ನಿನ್ನ ಟೋಪಿ ಇಟ್ಟು ಬಾ, ಮರೀಬೇಡ," ಎಂದು ಬುದ್ಧಿ ಹೇಳಿ ಬಂದಳು. ಟೋಪಿ ಇಡದೆ ಏಣಿ ಇಟ್ಟುಕೊಂಡವರು ಯಾರು, ಮಾನ್ಯರೇ? ನಮ್ಮೂರ ಪದ್ಧತಿಯ ಪ್ರಕಾರ ಇಲ್ಲಿ ನಡೆದ ಏಕೈಕ ಕಳ್ಳತನ ಅದೇ.

ಮರುದಿನ ಫಲಕ ಎದ್ದಿತು. ಫೋಟೋ ಚೆನ್ನಾಗಿ ಬಂದಿದೆಯೆಂದು ದೊಡ್ಡಮ್ಮ ಮೊದಲು ಹಿಗ್ಗಿದಳು. ಆಮೇಲೆ ಕನ್ನಡಕ ಹಾಕಿಕೊಂಡು ಮೇಲಿನ ಸಾಲು ಓದಿದಳು. ಅಂದಿನಿಂದ ಆಕೆ ಯಾರ ಮನೆಯ ಹೊಸಿಲನ್ನೂ ದಾಟಿಲ್ಲ. ಊರಿನ ಎಲ್ಲ ಅಡುಗೆಮನೆಗಳ ಡಬ್ಬಿಗಳನ್ನು ಕಣ್ಣು ಮುಚ್ಚಿ ಗುರುತಿಸಬಲ್ಲವಳು ಈಗ ಒಂದು ಸೂಜಿಗಾಗಿ ಬೀದಿಯಲ್ಲಿ ನಿಂತು ಕೂಗುತ್ತಾಳೆ.

"ಒಳಗೆ ಬಾ ಅಕ್ಕ, ಡಬ್ಬಿ ಅಲ್ಲೇ ಇದೆ," ಎನ್ನುತ್ತಾರೆ ಟೈಲರ್ ಮಾವ.

"ಬೇಡಪ್ಪ. ನಾನು ಬೋರ್ಡಲ್ಲಿ ಇರೋಳು. ನೀನೇ ಎಸಿ."

ಸೂಜಿ ಎಸೆದರೆ ಸಿಗುತ್ತದೆಯೇ? ಇಬ್ಬರೂ ಮಣ್ಣಲ್ಲಿ ಮಂಡಿಯೂರಿ ಹುಡುಕುತ್ತಾರೆ.

ಇನ್ನು ಸುರಕ್ಷತೆಯ ಮಾತು. ತಮ್ಮ ಉಪದೇಶಕ್ಕೆ ಮಣಿದು ಟೈಲರ್ ಮಾವ ಜೀವನದಲ್ಲಿ ಮೊದಲ ಸಲ ಬಾಗಿಲಿಗೆ ಬೀಗ ಹಾಕಿದರು, ಕೀಲಿಯನ್ನು ಒಳಗೇ ಬಿಟ್ಟು. ಏಣಿಯಿದ್ದರೆ ಅಟ್ಟದ ಕಿಟಕಿಗೆ ಹತ್ತಿ ಒಳಗಿಳಿಯಬಹುದಿತ್ತು. ಏಣಿ ತಮ್ಮ ಬಂಧನದಲ್ಲಿತ್ತು. ಕೇಳಲು ಬಂದರೆ, ಅದು ಸಾಕ್ಷ್ಯ, ನ್ಯಾಯಾಲಯದ ಅನುಮತಿ ಬೇಕು ಎಂದಿರಿ. ಬೀದಿ ತಿರುವಿನ ದೀಪ ಹೋಯಿತು. ಬಲ್ಬು ಬದಲಿಸಲು ಊರಿಗೆಲ್ಲ ಇದ್ದದ್ದು ಅದೊಂದೇ ಉದ್ದದ ಏಣಿ. ಕತ್ತಲಲ್ಲಿ ಮೇಷ್ಟರು ಚರಂಡಿಗೆ ಕಾಲಿಟ್ಟರು. ಹಲ್ಲುಸೆಟ್ಟು ಬೇರೆ ಮನೆಯಲ್ಲಿದ್ದುದರಿಂದ ಅದಾದರೂ ಉಳಿಯಿತು. ಊರನ್ನು ಕತ್ತಲಲ್ಲಿಟ್ಟು ಕಾಯುವ ವಿಧಾನ ಯಾವ ತರಬೇತಿಯಲ್ಲಿ ಕಲಿಸುತ್ತಾರೆ?

ಆದ್ದರಿಂದ ಮೊನ್ನೆ ಮಧ್ಯಾಹ್ನ, ತಾವು ಮರದಡಿ ಜೀಪಿನಲ್ಲಿ ಗಸ್ತಿನಲ್ಲಿದ್ದಾಗ, ನಾನು ಠಾಣೆಗೆ ಬಂದೆ. ಬಾಗಿಲು ತೆರೆದೇ ಇತ್ತು. ಏಣಿ ಕೋಣೆಗಿಂತ ಉದ್ದವಾದ್ದರಿಂದ ಅದರ ಒಂದು ತುದಿ ಕಿಟಕಿಯಿಂದ ಹೊರಗೆ ಚಾಚಿತ್ತು. ಮುಂದಿನ ತುದಿ ಎತ್ತಿದೆ, ಹಿಂದಿನದು ಏಳಲಿಲ್ಲ. ನನ್ನನ್ನು ತಡೆಯಲೆಂದು ಹಿಂದೆಯೇ ಬಂದಿದ್ದ ದೊಡ್ಡಮ್ಮ ಹೊಸಿಲಾಚೆ ಒಂಟಿ ಚಪ್ಪಲಿಯಲ್ಲಿ ನಿಂತು, "ಬಿಡೇ, ನಿನ್ನ ಫೋಟೋನೂ ಹಾಕ್ತಾನೆ!" ಎಂದು ಗದರುತ್ತಿದ್ದಳು.

ನಾನು ಇಷ್ಟೇ ಅಂದೆ: "ದೊಡ್ಡಮ್ಮಾ, ಆ ತುದಿ ಹಿಡ್ಕೋ. ಭಾರ ಇದೆ."

ಆಕೆ ಒಳಗೆ ಬಂದಳು.

ಬೀದಿ ತಿರುವಿನಲ್ಲಿ ಈಗ ದೀಪ ಉರಿಯುತ್ತಿದೆ. ಏಣಿ ಮಾವನ ಗೋಡೆಗೆ ಒರಗಿದೆ. ತಮಗೆ ಬೇಕಾದಾಗ ಬಂದು ತೆಗೆದುಕೊಳ್ಳಬಹುದು. ಟೋಪಿ ಮಾತ್ರ ಇಟ್ಟು ಹೋಗಿ. ನನ್ನ ಬೇಡಿಕೆ ಎರಡೇ: ಫಲಕದಿಂದ ಆ ನಗುಮುಖ ಇಳಿಯಬೇಕು, ಎಡಗಾಲಿನ ಚಪ್ಪಲಿ ಮನೆಗೆ ಬರಬೇಕು. ಏಣಿ ಒಯ್ದವರು ಯಾರೆಂದು ತನಿಖೆ ಮಾಡುವ ಕಷ್ಟ ಬೇಡ. ಏಣಿಯಿದ್ದ ಜಾಗದಲ್ಲಿ ಒಂದು ಛತ್ರಿಯಿದೆ, ನೋಡಿ. ಅದಿಲ್ಲದೆ ನನಗೆ ದಿನ ಸಾಗುತ್ತಿಲ್ಲ. ಎದುರಾದವರೆಲ್ಲ ಮಾತಾಡಿಸುತ್ತಿದ್ದಾರೆ, ಉತ್ತರ ಕೊಡಬೇಕಾಗಿ ಬಂದಿದೆ. ದಯವಿಟ್ಟು ಬೇಗ ವಿಲೇವಾರಿ ಮಾಡಿ.

ಇಂತಿ,
ಮುಖ ಮರೆಸಲು ಸದ್ಯಕ್ಕೆ ಏನೂ ಇಲ್ಲದ,
ಏಣಿಯ ಮುಂದಿನ ತುದಿ ಹಿಡಿದವಳು